ಆರು ನಿಮಿಷದ ದೂರ

ಚುಕ್ಕಿ ಅಲುಗಾಡಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದ, ತೋಳುದ್ದ ದೂರ ಹಿಡಿದು ನೋಡಿದ, ಎರಡು ಬೆರಳಿನಲ್ಲಿ ನಕ್ಷೆಯನ್ನು ಹಿಗ್ಗಿಸಿ ನೋಡಿದ. ಬೂದುಬಣ್ಣದ ಡಬ್ಬಿಗಳಂತೆ ಕಾಣುವ ಮನೆಗಳ ನಡುವೆ, ಅವನ ಮನೆಯೆಂದು ಗುರುತು ಹಾಕಿದ ಕೆಂಪು ಮೊಳೆಗೆ ಒಂದು ಬೆರಳಿನಷ್ಟು ದೂರದಲ್ಲಿ, ನೀಲಿ ಚುಕ್ಕಿ ನಿಂತಲ್ಲೇ ನಿಂತಿತ್ತು. ಕೆಳಗೆ ‘ಆರು ನಿಮಿಷದಲ್ಲಿ ತಲುಪುತ್ತಾರೆ’ ಎಂದು ಬರೆದಿತ್ತು. ಹತ್ತೊಂಬತ್ತು ನಿಮಿಷದಿಂದಲೂ ಅದೇ ಆರು ನಿಮಿಷ. ಬಚ್ಚಲಮನೆಯ ಬಾಗಿಲಿನ ಹತ್ತಿರ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹಳೆಯ ಹೊದಿಕೆಯೊಂದನ್ನು ಕುತ್ತಿಗೆಗೆ ಸುತ್ತಿಸಿಕೊಂಡು ಅಮ್ಮ ಕೂತಿದ್ದಳು. ಹಾಸಿಗೆಯಿಂದ ಎಬ್ಬಿಸಿ ಅಲ್ಲಿಯವರೆಗೆ ನಡೆಸಿಕೊಂಡು ಬರುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಈಗ ಅವಳ ಬೆನ್ನು ಒಂದು ಕಡೆಗೆ ವಾಲುತ್ತಿತ್ತು. ಅವನು ಎದ್ದುಹೋಗಿ ದಿಂಬು ಸರಿಮಾಡಿ ಬರುತ್ತಿದ್ದ. “ಬಂದ್ಳಾ?” ಎಂದು ಕೇಳುತ್ತಿದ್ದಳು. ಯಾರು ಬರಬೇಕು, ಯಾತಕ್ಕೆ ಬರಬೇಕು ಎನ್ನುವುದು ಅವಳಿಗೆ ಮರೆತುಹೋಗಿತ್ತು. ಯಾರೋ ಬರುತ್ತಾರೆ ಎನ್ನುವುದೊಂದು ಉಳಿದಿತ್ತು. “ಇನ್ನು ಆರು ನಿಮಿಷ ಅಮ್ಮ” ಎಂದು ನಾಲ್ಕನೆಯ ಸಲ ಹೇಳಿದಾಗ ತಾನೇ ಸುಳ್ಳು ಹೇಳುತ್ತಿದ್ದೇನೆ ಎನ್ನಿಸಿ, ಆ ಸುಳ್ಳನ್ನು ತನ್ನ ಬಾಯಿಂದ ಆಡಿಸಿದವಳ ಮೇಲೆ ಸಿಟ್ಟು ಬಂತು.

ಅವಳು ಯಾರೋ ಅವನಿಗೆ ಗೊತ್ತಿಲ್ಲ. ಪರದೆಯ ಮೇಲೆ ಒಂದು ಉರುಟು ಫೋಟೋ, ಉಗುರಿನಷ್ಟು ದೊಡ್ಡದು. ಕೆಳಗೆ ‘ಕೂದಲು ಕತ್ತರಿಸುವವರು’ ಎಂದಿತ್ತು. ಫೋನಿನಲ್ಲಿ ಇದನ್ನೆಲ್ಲ ಹಾಕಿಸಿಕೊಟ್ಟವಳು ತಂಗಿ. ಅವಳಿರುವ ಊರಿನಿಂದಲೇ ಅದನ್ನೊತ್ತು, ಇದನ್ನೊತ್ತು ಎಂದು ಹೇಳಿಕೊಟ್ಟಿದ್ದಳು. “ಅಣ್ಣ, ಈಗ ಎಲ್ಲಾರೂ ಮನೆಗೇ ಬರ್ತಾರೆ. ನೀನು ಯಾರ ಹತ್ರಾನೂ ಮಾತಾಡೋ ಹಾಗೇ ಇಲ್ಲ, ನಿನಗೆ ಸರಿಹೋಯ್ತು” ಎಂದು ನಕ್ಕಿದ್ದಳು. ಯಾರ ಹತ್ತಿರವೂ ಮಾತಾಡದೆ ಕೆಲಸವಾಗುವುದು ನಿಜವಾಗಿಯೂ ಅವನಿಗೆ ಸರಿಹೋಗಿತ್ತು. ವಿದ್ಯುತ್ ಕಚೇರಿಯ ಮೀಟರ್ ತಪಾಸಣೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನು ಮಾಡುತ್ತಿದ್ದುದೂ ಅದನ್ನೇ. ನಮ್ಮ ಮೀಟರ್ ಜೋರಾಗಿ ಓಡುತ್ತದೆ ಎಂದು ಜನ ದೂರು ತರುತ್ತಾರೆ. ಅವನು ಮೀಟರನ್ನು ಮೇಜಿಗೆ ಬಿಗಿದು, ಲೆಕ್ಕ ಗೊತ್ತಿರುವಷ್ಟು ಕರೆಂಟು ಹರಿಸಿ, ಕಾಯುತ್ತಾನೆ. ನೂರರಲ್ಲಿ ತೊಂಬತ್ತು ಸಲ ಮೀಟರ್ ಸರಿಯಾಗಿಯೇ ಇರುತ್ತದೆ. “ಮೀಟರ್ ಸರಿ ಇದೆ, ನೀವೇ ಉರಿಸಿದೀರಿ” ಎಂದು ಅವನು ಹೇಳುವಾಗ ಎದುರಿನವರ ಮುಖ ಚಿಕ್ಕದಾಗುತ್ತದೆ. ಅದನ್ನು ನೋಡುವುದಕ್ಕೆ ಒಂದು ಸುಖವಿದೆ ಎಂದು ಅವನು ಯಾರ ಹತ್ತಿರವೂ ಒಪ್ಪಿಕೊಂಡವನಲ್ಲ. ಮನುಷ್ಯರು ಉತ್ಪ್ರೇಕ್ಷೆ ಮಾಡುತ್ತಾರೆ, ಮರೆಯುತ್ತಾರೆ, ಅಳುತ್ತಾರೆ. ಯಂತ್ರ ತನಗೆ ಕಂಡದ್ದನ್ನು ಹೇಳುತ್ತದೆ. ಈಗ ಯಂತ್ರಕ್ಕೆ ಕಂಡದ್ದು ಇಷ್ಟು: ಆ ಹೆಂಗಸು ಹತ್ತೊಂಬತ್ತು ನಿಮಿಷದಿಂದ ಕೆಲಸಕ್ಕೆ ಬರದೆ ಎಲ್ಲೋ ನಿಂತಿದ್ದಾಳೆ. ಯಾರ ಜೊತೆಗೋ ಹರಟೆ ಹೊಡೆಯುತ್ತಿರಬೇಕು, ಅಂಗಡಿಯ ನೆರಳಲ್ಲಿ.

ಫೋನು ನಡುಗಿತು. ಗುರುತಿಲ್ಲದ ಯಾವುದೋ ಉದ್ದನೆಯ ನಂಬರು ಮೇಲಿನಿಂದ ಇಳಿದುಬಂದು ನಕ್ಷೆಯನ್ನು ಮುಚ್ಚಿತು. ಸಾಲ ಬೇಕಾ, ವಿಮೆ ಬೇಕಾ ಎಂದು ಕೇಳುವವರು. ಅವನು ಅದನ್ನು ನೊಣ ಓಡಿಸಿದಂತೆ ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಚುಕ್ಕಿ ಅಲ್ಲೇ ಇತ್ತು. ಎರಡು ನಿಮಿಷಕ್ಕೆ ಮತ್ತೆ ಬಂತು, ಮತ್ತೆ ತಳ್ಳಿದ.

ನಾಳೆ ಹತ್ತು ಗಂಟೆಗೆ ಡಾಕ್ಟರ ಬಳಿ ಹೋಗಬೇಕು. ಹೋದವಾರ ಅಮ್ಮನ ತಲೆಯ ಹಿಂಭಾಗವನ್ನು ಬ್ಯಾಟರಿ ಹಾಕಿ ನೋಡಿದ ಡಾಕ್ಟರು, “ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ?” ಎಂದರು. ಅವನು “ನಾನಿದ್ದೀನಿ” ಎಂದ. ಆ ಮಾತು ಬಾಯಿಂದ ಹೊರಬಿದ್ದು ಆ ಬಿಳಿ ಕೋಣೆಯಲ್ಲಿ ಹೇಗೆ ನಿಂತುಕೊಂಡಿತೆಂದರೆ, ಪಕ್ಕದಲ್ಲಿದ್ದ ನರ್ಸು ಸುಮ್ಮನೆ ಹತ್ತಿಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಒಂದು ಕಾಲದಲ್ಲಿ ಅಮ್ಮನ ಕೂದಲು ಸೊಂಟದ ಕೆಳಗೆ ಇಳಿಯುತ್ತಿತ್ತು. ಶಾಲೆಗೆ ಹೋಗುವಾಗ ಅವನು ಹಿಂದಿರುಗಿ ನೋಡಿದರೆ ಕಿಟಕಿಯಲ್ಲಿ ಅವಳು ತಲೆ ಬಾಚಿಕೊಳ್ಳುತ್ತಾ ನಿಂತಿರುತ್ತಿದ್ದಳು, ತಲೆಯನ್ನು ಒಂದು ಕಡೆಗೆ ಬಾಗಿಸಿ, ಭಾರವಾದದ್ದೇನನ್ನೋ ಎತ್ತಿಹಿಡಿದವಳ ಹಾಗೆ. ಜಾರಿಬಿದ್ದು ಹಾಸಿಗೆ ಹಿಡಿದ ಮೇಲೆ ಎಂಟು ತಿಂಗಳಲ್ಲಿ ಆ ಕೂದಲು ಜಡೆಗಟ್ಟಿ, ಗಂಟಾಗಿ, ಕಂಬಳಿಯ ತುಂಡಿನ ಹಾಗಾಯಿತು. ಊಟ ಮಾಡಿಸುತ್ತಿದ್ದ, ಮೈ ಒರೆಸುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ. ತಲೆ ಬಾಚುವುದೊಂದನ್ನು ಮಾತ್ರ ನಾಳೆಗೆ ಹಾಕುತ್ತಾ ಬಂದ. ಅಮ್ಮನ ಕೂದಲಿಗೆ ಕೈಹಾಕುವುದೆಂದರೆ, ಉಳಿದೆಲ್ಲವನ್ನೂ ದಾಟಿದ ಮೇಲೂ, ಯಾವುದೋ ಒಂದು ಬಾಗಿಲನ್ನು ತಟ್ಟದೆ ಒಳಗೆ ಹೋದಂತೆ ಅನ್ನಿಸುತ್ತಿತ್ತು. ಆ ಸಂಕೋಚದ ಅಡಿಯಲ್ಲೇ ಹುಣ್ಣು ಬೆಳೆದಿತ್ತು. ಭಾನುವಾರ ಧೈರ್ಯಮಾಡಿ ಅಡುಗೆಮನೆಯ ಕತ್ತರಿ ತಂದ. ಮೂರನೆಯ ಸಲ ಕತ್ತರಿಸುವಾಗಲೇ ಕಿವಿಯ ತುದಿ ಸಿಕ್ಕಿಕೊಂಡಿತು. ಅಮ್ಮ ಕೂಗಲಿಲ್ಲ, ಎರಡೂ ಕೈಗಳಿಂದ ತಲೆಯನ್ನು ಮುಚ್ಚಿಕೊಂಡು, “ಹೊಡೀಬೇಡಪ್ಪಾ” ಎಂದಳು. ಅವನು ಯಾವತ್ತೂ ಅವಳ ಮೇಲೆ ಕೈಯೆತ್ತಿದವನಲ್ಲ. ಹಾಗಂತ ಅವಳಿಗೆ ಹೇಳುವುದಕ್ಕೂ ಹೋದ. ಆದರೆ ಕೈಯಲ್ಲಿ ಕತ್ತರಿ ಇತ್ತು.

ಇಪ್ಪತ್ತನಾಲ್ಕನೆಯ ನಿಮಿಷಕ್ಕೆ ಚುಕ್ಕಿ ಕದಲಿತು. ಅವನು ಎದ್ದು ನಿಂತ. ಆದರೆ ಅದು ಕೆಂಪು ಮೊಳೆಯ ಕಡೆಗೆ ಬರಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿತು, ಇನ್ನಷ್ಟು ಸರಿಯಿತು, ರಸ್ತೆಯ ತಿರುವಿನಲ್ಲಿ ಒಂದು ಕ್ಷಣ ತಡೆದು, ಮನೆಯಿಂದ ಇನ್ನೂ ದೂರಕ್ಕೆ ಹೊರಟಿತು. ಹೋಗುತ್ತಿದ್ದಾಳೆ! ಅಮ್ಮ ವಾಲಿಕೊಂಡು ಕೂತಿದ್ದಾಳೆ, ಅವಳನ್ನು ಮತ್ತೆ ಹಾಸಿಗೆಗೆ ಸಾಗಿಸಬೇಕು, ನಾಳೆ ಆ ಡಾಕ್ಟರಿಗೆ ಮತ್ತೆ ಅದೇ ತಲೆಯನ್ನು ತೋರಿಸಬೇಕು, ಮತ್ತೆ ಅದೇ ನರ್ಸು. ‘ತೊಂದರೆಯಾಗಿದೆಯೇ?’ ಎಂಬುದನ್ನು ಒತ್ತಿದ. ತಡವಾಗಿದ್ದಾರೆ, ಬಂದಿಲ್ಲ, ವರ್ತನೆ ಸರಿಯಿಲ್ಲ ಎಂದು ಮೂರು ಸಾಲು ತೆರೆದವು. ‘ಬಂದಿಲ್ಲ’ ಒತ್ತಿದ. ‘ನೀವು ಅವರಿಗೆ ಕರೆ ಮಾಡಿದ್ದೀರಾ?’ ಎಂದು ಕೇಳಿತು. ಹೌದು, ಇಲ್ಲ. ಅವನು ಮಾಡಿರಲಿಲ್ಲ. ಅಪರಿಚಿತರಿಗೆ ಫೋನು ಮಾಡಿ ‘ಎಲ್ಲಿದ್ದೀರಿ’ ಎಂದು ಕೇಳುವ ತನ್ನ ಧ್ವನಿ ಅವನಿಗೇ ಹಿಡಿಸುವುದಿಲ್ಲ. ಅದು ಯಾವಾಗಲೂ ಬೇಡುವ ಧ್ವನಿಯಾಗಿಬಿಡುತ್ತದೆ. ‘ಇಲ್ಲ’ ಎಂದು ಒತ್ತಿದರೆ ‘ದಯವಿಟ್ಟು ಮೊದಲು ಕರೆ ಮಾಡಿ’ ಎಂದು ಬಂದ ಪುಟಕ್ಕೇ ವಾಪಸು ಕಳಿಸಿತು. ಎರಡನೆಯ ಸಲ ‘ಹೌದು’ ಒತ್ತಿದ. ‘ಅವರು ಉತ್ತರಿಸಿದರೇ?’ ‘ಇಲ್ಲ’. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ‘ನಿಮ್ಮ ದೂರು ತಲುಪಿದೆ. ತಕ್ಷಣ ಕ್ರಮ ತೆಗೆದುಕೊಳ್ಳುತ್ತೇವೆ’ ಎಂದಿತು ಪರದೆ, ಮತ್ತು ನಕ್ಷೆ ಮಾಯವಾಯಿತು. ಎದೆಯೊಳಗೆ ಏನೋ ಹಗುರಾಯಿತು. ಕಚೇರಿಯಲ್ಲಿ ಮೊಹರು ಒತ್ತಿದ ಮೇಲೆ ಆಗುವಂಥ ಹಗುರು.

ಕೆಲವು ನಿಮಿಷ ಕಳೆದು ಅಮ್ಮನ ಕುತ್ತಿಗೆಯ ಹೊದಿಕೆಯನ್ನು ಬಿಚ್ಚುತ್ತಿದ್ದಾಗ ಬಾಗಿಲಿನ ಗಂಟೆ ಸದ್ದಾಯಿತು.

ಬಾಗಿಲಲ್ಲಿ ನಿಂತವಳಿಗೆ ನಲವತ್ತು ದಾಟಿರಬೇಕು. ಹೆಗಲಿಗೆ ಒಂದು ಕಪ್ಪು ಪೆಟ್ಟಿಗೆ, ಅದರ ಭಾರಕ್ಕೆ ಭುಜ ಒಂದು ಕಡೆ ಕೆಳಗಾಗಿತ್ತು. ಮುಖವೆಲ್ಲ ಬಿಸಿಲು. ಉಸಿರು ತಹಬಂದಿಗೆ ಬರುವ ಮೊದಲೇ ನಗುವುದಕ್ಕೆ ಹೊರಟಿದ್ದಳು.

“ಕ್ಷಮಿಸ್ಬೇಕು ಸಾರ್. ನಿಮ್ಮ ಮನೆ ಗುರುತು ಹಿಂದ್ಗಡೆ ಗೋಡೆ ಮೇಲೆ ಕೂತ್ಕೊಂಡಿದೆ. ಆ ಓಣಿಗೆ ಕಬ್ಬಿಣದ ಗೇಟು, ಬೀಗ ಹಾಕಿದೆ. ನಾನು ಯಾರಾದ್ರೂ ತೆಗೀತಾರೇನೋ ಅಂತ ಅಲ್ಲೇ ನಿಂತ್ಕೊಂಡೆ. ಕೂಗ್ದೆ. ಆಮೇಲೆ ಇಸ್ತ್ರಿ ಅಂಗಡಿಯೋರು ಹೇಳಿದ್ರು, ವಾಪಸ್ ಹೋಗಿ ದೊಡ್ಡ ರಸ್ತೆ ಸುತ್ತಿಬನ್ನಿ ಅಂತ.”

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ.

“ಎರಡು ಸಲ ಫೋನ್ ಮಾಡ್ದೆ ಸಾರ್” ಎಂದಳು, ಆಕ್ಷೇಪಣೆಯಿಲ್ಲದೆ, ಲೆಕ್ಕ ಒಪ್ಪಿಸುವವಳ ಹಾಗೆ. “ನಮ್ಮ ನಂಬರ್ ಕಾಣಲ್ಲ ನಿಮಗೆ. ಕಂಪನಿಯೋರ ನಂಬರಲ್ಲಿ ಬರತ್ತೆ.”

“ಸಿಗ್ನಲ್ ಇರ್ಲಿಲ್ಲ” ಎಂದ ಅವನು. “ಇಲ್ಲಿ ಒಂದೊಂದ್ಸಲ ಹಾಗಾಗತ್ತೆ.”

“ಎಲ್ಲಾ ಕಡೇನೂ ಅದೇ ಕಥೆ ಬಿಡಿ ಸಾರ್” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.

ತಂಗಿ ಹೇಳಿಕೊಡುತ್ತಿದ್ದ ದಿನ ಅವನು ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ನಿಂತಿದ್ದ. ‘ನೀವು ಇಲ್ಲಿದ್ದೀರಾ?’ ಎಂದು ಯಂತ್ರ ಕೇಳಿತ್ತು. ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು, ಹೆಬ್ಬೆರಳಿನಲ್ಲಿ ‘ಹೌದು’ ಒತ್ತಿದ್ದ. ಅಷ್ಟೇ. ಈಗ ಅದು ನೆನಪಾಗಿ, ಎಲ್ಲ ಬಿಟ್ಟು ಆ ಕ್ಲಿಪ್ಪಿನ ಮರದ ರುಚಿಯೇ ನಾಲಿಗೆಯ ಮೇಲೆ ಬಂತು. ಹೇಳಬೇಕು ಅಂದುಕೊಂಡ. ಒಂದು ದೂರು ಕೊಟ್ಟುಬಿಟ್ಟೆ, ಈಗ ವಾಪಸು ತಗೋತೀನಿ ಎಂದರೆ ಆಯಿತು. ನಗುತ್ತಾಳೆ, ಇವಳು ನಗುವ ಜಾತಿಯವಳು. ಆದರೆ ಅವಳು ಆಗಲೇ ಅಮ್ಮನ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೊದಲು ವಾಪಸು ತೆಗೆದುಕೊಳ್ಳೋಣ, ಆಮೇಲೆ ಹೇಳಿದರಾಯಿತು, ಅಥವಾ ವಾಪಸು ತೆಗೆದುಕೊಂಡ ಮೇಲೆ ಹೇಳುವ ಅಗತ್ಯವಾದರೂ ಏನು ಎಂದು ಯೋಚಿಸುತ್ತಾ ಫೋನಿನಲ್ಲಿ ಹುಡುಕಿದ. ‘ನಿಮ್ಮ ದೂರನ್ನು ಪರಿಶೀಲಿಸಲಾಗುತ್ತಿದೆ’ ಎಂದಿತ್ತು. ಅದರ ಕೆಳಗೆ ಒತ್ತುವುದಕ್ಕೆ ಏನೂ ಇರಲಿಲ್ಲ.

“ಯಾರ ಮಗಳೇ ನೀನು?” ಎಂದು ಕೇಳಿದಳು ಅಮ್ಮ.

“ನಿಮ್ಮ ಮಗಳೇ ಅಂದ್ಕೊಳ್ಳಿ ಅಮ್ಮಾ.”

“ಹಾಗಾದ್ರೆ ಇಷ್ಟು ದಿನ ಎಲ್ಲಿ ಹಾಳಾಗಿಹೋಗಿದ್ದೆ?”

“ದಾರಿ ತಪ್ಪಿತ್ತಮ್ಮಾ, ಈಗ ಬಂದ್ನಲ್ಲ” ಎಂದು ಅವಳು ನಕ್ಕಾಗ ಅಮ್ಮನೂ ನಕ್ಕಳು. ಎಂಟು ತಿಂಗಳಲ್ಲಿ ಆ ಸದ್ದನ್ನು ಅವನು ಕೇಳಿರಲಿಲ್ಲ. ಸಂತೋಷಪಡುವ ಬದಲು ಅವನು ಗಡಿಯಾರ ನೋಡಿದ.

ಕತ್ತರಿ ಹೊರಬಂದಾಗ ಅಮ್ಮನ ಕೈಗಳು ತಲೆಯ ಮೇಲೆ ಹೋದವು. ಕಿವಿಯ ತುದಿಯ ಮೇಲೆ ಒಣಗಿದ ಕಪ್ಪು ಗೀರನ್ನು ಬಂದವಳು ನೋಡಿದಳು, ಅವನ ಕಡೆಗೂ ಒಂದು ಸಲ ನೋಡಿದಳು. ಕತ್ತರಿಯನ್ನು ಅಮ್ಮನ ಮಡಿಲಲ್ಲಿಟ್ಟಳು. “ಹಿಡ್ಕೊಳ್ಳಿ. ಭಾರ ಇದೆಯಾ?” ಎಂದಳು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಬಂದವಳು ಅದನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ತುದಿಯಿಂದ ಒಂದು ಬೆರಳಿನಷ್ಟು ಕೂದಲನ್ನು ಅಮ್ಮನ ಕಣ್ಣೆದುರೇ ಕಚಕ್ಕನೆ ಕತ್ತರಿಸಿ, ಆ ತುಂಡನ್ನು ಅವಳ ಅಂಗೈಯಲ್ಲಿಟ್ಟಳು. “ನೋಡಿ, ನನಗೆ ನೋವಾಯ್ತಾ? ಇಲ್ಲ. ನಿಮಗೂ ಆಗಲ್ಲ.” ಅಮ್ಮ ಆ ಕೂದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ನಿಧಾನಕ್ಕೆ ಇನ್ನೊಂದು ಕೈಯೂ ತಲೆಯಿಂದ ಇಳಿಯಿತು. ಇಷ್ಟೇ ಆಗಿತ್ತಾ, ಎಂದುಕೊಂಡ ಅವನು. ಒಂದು ಬೆರಳಿನಷ್ಟು ತನ್ನದನ್ನು ಮೊದಲು ಕೊಯ್ದು ಕೊಡುವುದು. ಅವನ ತಲೆಯಲ್ಲಿ ಕೊಯ್ಯುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ ಎನ್ನುವುದು ಬೇರೆ ಮಾತು. ಇದ್ದಿದ್ದರೂ ಹೊಳೆಯುತ್ತಿರಲಿಲ್ಲ.

ಅವಳು ಕೆಲಸ ಮಾಡುವಾಗ ಅವನು ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತ. ಗಂಟುಗಳು ಒಂದೊಂದಾಗಿ, ಸತ್ತ ಹಕ್ಕಿಗಳ ಹಾಗೆ ಅದರೊಳಗೆ ಬಿದ್ದವು. ಎಣ್ಣೆ ಹಚ್ಚಿ, ಬೆರಳಿನಿಂದ ಬಿಡಿಸಿ, ಆಮೇಲೆ ಕತ್ತರಿಸುತ್ತಿದ್ದಳು, ಅವಸರವಿರಲಿಲ್ಲ. ಹಿಂಭಾಗಕ್ಕೆ ಬಂದಾಗ ವಾಸನೆ ಎದ್ದಿತು. ಅವನು ಮುಖ ತಿರುಗಿಸಿದ. ಅವಳ ಮೂಗು ಕೂಡ ಅಲುಗಲಿಲ್ಲ. “ಇಲ್ಲಿ ಉರೀತಿತ್ತಲ್ವಾ ಅಮ್ಮಾ? ಪಾಪ, ಎಷ್ಟು ತಡ್ಕೊಂಡಿದೀರಿ” ಎಂದಳು. ಅಮ್ಮ “ಹೂಂ” ಎಂದಳು, ಪುಟ್ಟ ಮಗು ಹೇಳುವ ಹಾಗೆ. ತನಗೆ ಉರಿಯುತ್ತದೆ ಎಂದು ಅವಳು ಅವನ ಹತ್ತಿರ ಒಂದು ದಿನವೂ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. ಬೋಗುಣಿ ಹಿಡಿದ ಕೈ ಸೋಲುತ್ತಿತ್ತು, ಜೇಬಿನೊಳಗಿನ ಫೋನು ತೊಡೆಗೆ ಒತ್ತುತ್ತಿತ್ತು, ಮತ್ತು ಆ ಕ್ಷಣದಲ್ಲಿ ಅವನು ಬಯಸಿದ್ದೆಲ್ಲ ಒಂದೇ: ಆ ದೂರು ಯಾವುದೋ ಮೇಜಿನ ಮೇಲೆ, ತನ್ನ ಕಚೇರಿಯಲ್ಲಿ ಬೀಳುವ ಹಾಗೆ, ತಿಂಗಳುಗಟ್ಟಲೆ ಧೂಳು ತಿನ್ನುತ್ತಾ ಬಿದ್ದಿರಲಿ. ತಕ್ಷಣ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಅವನೂ ಎಷ್ಟೋ ಕಾಗದಗಳಲ್ಲಿ ಬರೆದಿದ್ದಾನೆ. ಅದು ಬರಿ ಬರೆಯುವ ರೀತಿ.

ಅವಳ ಪೆಟ್ಟಿಗೆಯ ಮೇಲಿದ್ದ ಫೋನು ಟಿಂಗ್ ಎಂದಿತು. ಅವಳು ಕೈ ಒರೆಸಿಕೊಂಡು ನೋಡಿದಳು. ಓದಿದ್ದನ್ನೇ ಎರಡನೆಯ ಸಲ ಓದಿದಳು. ಮುಖದ ಬಿಸಿಲೆಲ್ಲ ಇಳಿದುಹೋಯಿತು.

“ಏನಾಯ್ತು?” ಎಂದ ಅವನು.

“ಏನಿಲ್ಲ ಸಾರ್.” ಫೋನನ್ನು ಮುಖ ಕೆಳಗಾಗಿ ಇಟ್ಟಳು. ಕತ್ತರಿ ಎತ್ತಿಕೊಂಡಳು. ಅಮ್ಮನ ಕಿವಿಯ ಹತ್ತಿರ ಬಂದಾಗ ಕತ್ತರಿ ಇಳಿಸಿ, ಒಂದು ಸಲ ಉಸಿರು ಎಳೆದು, ಮತ್ತೆ ಎತ್ತಿಕೊಂಡಳು. ಐದಾರು ನಿಮಿಷ ಕತ್ತರಿಸಿದ ಮೇಲೆ ಅಮ್ಮನ ತಲೆಯ ಹಿಂದಿನಿಂದಲೇ ಹೇಳಿದಳು: “ನನ್ನ ಐಡಿ ಬಂದ್ ಮಾಡಿದಾರೆ ಸಾರ್. ಯಾರೋ ಕಂಪ್ಲೇಂಟ್ ಕೊಟ್ಟಿದಾರೆ. ಮೊದ್ಲೇ ಎರಡಿತ್ತು. ಒಂದು ಮಗಳಿಗೆ ಜ್ವರ ಬಂದಾಗ, ಇನ್ನೊಂದು ಗಾಡಿ ಪಂಕ್ಚರ್ ಆದಾಗ. ಮೂರಾದ್ರೆ ತೆಗೆದುಹಾಕ್ತಾರೆ.”

“ಯಾರು... ಯಾರು ಕೊಟ್ಟಿದ್ದು ಅಂತ ಬರತ್ತಾ?”

ಆ ಮಾತು ಕೇಳಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದು. ಆಮೇಲೆ ಎಷ್ಟೋ ದಿನ, ಹಲ್ಲುಜ್ಜುವಾಗ, ಮೀಟರಿನ ಮುಂದೆ ಕಾಯುವಾಗ, ಈ ಪ್ರಶ್ನೆ ತಾನಾಗಿಯೇ ಅವನ ಬಾಯಿಗೆ ಬಂದು ಅವನು ತಲೆ ಕೊಡವಿಕೊಳ್ಳಲಿದ್ದ.

“ಬರಲ್ಲ ಸಾರ್. ಆದ್ರೆ ನನಗೆ ಗೊತ್ತು. ಬೆಳಿಗ್ಗೆ ಒಬ್ಬರ ಮನೆಗೆ ಹೋಗಿದ್ದೆ, ಮುಖ ಗಂಟು ಹಾಕ್ಕೊಂಡೇ ಕೂತಿದ್ರು ಆಯಮ್ಮ. ಕತ್ತರಿಸಿದ್ದು ಓರೆ ಆಯ್ತು ಅಂದ್ರು. ಓರೆ ಆಗಿರ್ಲಿಲ್ಲ ಸಾರ್, ನನ್ನ ಮಗಳಾಣೆಗೂ. ಅವರೇ. ಅವರಿಗೆ ಒಳ್ಳೇದಾಗಲ್ಲ ನೋಡಿ. ಇನ್ನೊಬ್ರ ಅನ್ನ ಕಿತ್ಕೊಂಡೋರ ಮನೇಲಿ ನೆಮ್ಮದಿ ಇರಲ್ಲ.”

“ಕೆಲವರು ಹಾಗೇ” ಎಂದ ಅವನು.

ಹೇಳಿಯೂ ಆಗಿತ್ತು. ತನ್ನ ಬಾಯಿಯೊಳಗೆ ಕೂತ ಬೇರೆ ಯಾರೋ, ತುಂಬ ಸಭ್ಯಸ್ಥ, ಅನುಕಂಪದ ಧ್ವನಿಯವನು, ಅದನ್ನು ಹೇಳಿದ್ದ. ಎಲ್ಲೋ ಒಂದು ಮನೆಯಲ್ಲಿ, ಕನ್ನಡಿಯ ಮುಂದೆ ಕೂದಲನ್ನು ಆ ಕಡೆ ಈ ಕಡೆ ಸರಿಸಿಕೊಳ್ಳುತ್ತಿರುವ, ಏನೂ ಮಾಡದ ಒಬ್ಬ ಹೆಂಗಸಿನ ಮೇಲೆ ಅವರಿಬ್ಬರೂ ಸೇರಿ ಕಲ್ಲು ಹಾಕಿದ್ದರು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ತಲೆ ಕತ್ತರಿಸುತ್ತಿದ್ದವಳ ಅಂಗೈಗೆ ಒರಗಿತ್ತು.

“ಸಾರ್, ನೀವು ಒಂದು ಮಾತು ಹಾಕ್ತೀರಾ?” ಎಂದಳು, ಈ ಸಲ ಅವನ ಮುಖ ನೋಡಿ. “ನಿಮ್ಮ ಮನೆ ಕೆಲ್ಸ ಚೆನ್ನಾಗಿ ಮಾಡಿದೀನಿ ಅಂತ. ಇವತ್ತಿನ ದಿನಾನೇ ಇನ್ನೊಬ್ರು ಒಳ್ಳೇದು ಬರೆದ್ರೆ ಒಂದೊಂದ್ಸಲ ವಾಪಸ್ ತೆಗೀತಾರಂತೆ.”

“ಖಂಡಿತ. ಈಗ್ಲೇ ಮಾಡ್ತೀನಿ” ಎಂದು, ಬೋಗುಣಿಯನ್ನು ನೆಲಕ್ಕಿಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ದೂಡಿಕೊಂಡ. ‘ಈ ಸೇವೆ ರದ್ದಾಗಿದೆ. ಅಭಿಪ್ರಾಯ ನೀಡಲು ಸಾಧ್ಯವಿಲ್ಲ’ ಎಂದಿತ್ತು. ಎಲ್ಲ ಕಡೆಯೂ ಒತ್ತಿದ. ಯಾವುದೋ ಮೂಲೆಯಲ್ಲಿ ಸಹಾಯವಾಣಿ ಸಿಕ್ಕಿತು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಸಂಗೀತ ಕೇಳಿ, ಮತ್ತೆ ಒಂದನ್ನು ಒತ್ತಿದ. ಕೊನೆಗೆ ಒಂದು ಹುಡುಗಿಯ ಧ್ವನಿ, ಬಹಳ ಮೃದು, ತನ್ನಿಂದ ಏನು ಸಹಾಯವಾಗಬೇಕು ಎಂದಿತು. ಅವನು ತಗ್ಗಿದ ದನಿಯಲ್ಲಿ, ಅವಸರವಾಗಿ, ಹೇಳಿದ: ದೂರು ತಪ್ಪಾಗಿ ಕೊಟ್ಟದ್ದು, ಅವರು ಬಂದಿದ್ದಾರೆ, ಇಲ್ಲೇ ಇದ್ದಾರೆ.

“ನಿಮಗಾದ ತೊಂದರೆಗೆ ವಿಷಾದಿಸ್ತೀವಿ ಸರ್. ನಮ್ಮ ದಾಖಲೆ ಪ್ರಕಾರ ಅವರು ನಿಮ್ಮ ಸ್ಥಳಕ್ಕೆ ಬಂದಿಲ್ಲ.”

“ಬಂದಿದಾರೆ ಅಂತಿದ್ದೀನಲ್ಲ. ಇಲ್ಲಿ, ಮನೇಲಿ. ನಮ್ಮಮ್ಮನ ಕೂದಲು ಕತ್ತರಿಸ್ತಿದಾರೆ.”

“ಅವರು ಕೊನೇದಾಗಿ ನಿಮ್ಮ ಸ್ಥಳದಿಂದ ದೂರ ಹೋಗ್ತಿದ್ದದ್ದು ದಾಖಲಾಗಿದೆ ಸರ್.”

ಬಾಗಿಲಿನ ಸಂದಿಯಿಂದ ಅವನಿಗೆ ಅವಳ ಮೊಣಕೈ ಕಾಣುತ್ತಿತ್ತು, ಬೋಳಾಗುತ್ತಿದ್ದ ಅಮ್ಮನ ತಲೆ ಕಾಣುತ್ತಿತ್ತು. “ಆ ಗುರುತೇ ತಪ್ಪು! ನಾನೇ ತಪ್ಪಾಗಿ ಹಾಕಿದ್ದು” ಎಂದ. ಗುರುತನ್ನು ಸರಿಪಡಿಸಿಕೊಳ್ಳುವುದು ಹೇಗೆಂದು ಹುಡುಗಿ ವಿವರಿಸತೊಡಗಿದಳು. ಮುಂದಿನ ಸಲ ಅನುಕೂಲವಾಗುತ್ತದೆ ಎಂದಳು. ಆಮೇಲೆ, ಅಷ್ಟೇ ಮೃದುವಾಗಿ: “ನೀವು ಕರೆ ಮಾಡಿದಾಗಲೂ ಅವರು ಉತ್ತರಿಸಿಲ್ಲ ಅಂತ ನೀವೇ ತಿಳಿಸಿದೀರಿ ಸರ್.” ಅವನು ಪಾತ್ರೆ ತೊಳೆಯುವ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಇಪ್ಪತ್ತಾರು ವರ್ಷ ಕಚೇರಿಯ ಮೇಜಿನ ಹಿಂದೆ ಕೂತು ತಾನು ಆಡಿದ ಧ್ವನಿಯೇ ಇದು. ಎದುರಿನವರ ಗಂಟಲಲ್ಲಿ ಏನು ಸಿಕ್ಕಿಕೊಳ್ಳುತ್ತಿತ್ತೆಂದು ಈಗ ಗೊತ್ತಾಯಿತು. ಧ್ವನಿ ತಗ್ಗಿಸಿಕೊಂಡು ಮಾತಾಡಬೇಕೆಂಬುದು ಮರೆತುಹೋಯಿತು.

“ನಾನು ಸುಳ್ಳು ಹೇಳ್ದೆ ಕಣಮ್ಮ! ನಾನು ಫೋನೇ ಮಾಡ್ಲಿಲ್ಲ. ಅವರು ಮಾಡಿದ್ರು, ನಾನು ಎತ್ತಲಿಲ್ಲ. ದೂರು ಕೊಟ್ಟಿದ್ದು ಸುಳ್ಳು. ಬರ್ಕೊಳ್ಳಿ, ಸುಳ್ಳು ಅಂತ ಬರ್ಕೊಳ್ಳಿ!”

ಆ ಕಡೆ ಕೀಲಿಗಳ ಟಕಟಕ. “ಆ ರೀತಿ ಬರ್ಕೊಳ್ಳೋಕೆ ನಮಗೆ ಅವಕಾಶ ಇಲ್ಲ ಸರ್” ಎಂದಳು ಹುಡುಗಿ. ಈ ಸಲ ಅವಳ ಧ್ವನಿಯಲ್ಲೂ ಏನೋ ಸೋತಂತಿತ್ತು. “ಬೇರೆ ಏನಾದರೂ ಸಹಾಯ ಬೇಕಾ?”

ಅವನು ತಿರುಗಿದಾಗ ಬಾಗಿಲು ಅರ್ಧ ತೆರೆದಿತ್ತು. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ.

“ಪೊರಕೆ ಎಲ್ಲಿದೆ ಅಂತ ಕೇಳೋಕೆ ಬಂದೆ” ಎಂದಳು.

ಅವನು ಪೊರಕೆ ಕೊಟ್ಟ. ತಾನೇ ಗುಡಿಸುತ್ತೇನೆ ಎನ್ನಬಹುದಿತ್ತು. ಅವಳು ಮೂಲೆ ಬಿಡದೆ ಗುಡಿಸಿದಳು. ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ಅವನು ಕಾದ. ಕಾಯುವುದೂ ಒಂದು ಬಗೆಯ ಆಸೆಯಾಗಿತ್ತು. ಬೈದುಬಿಟ್ಟರೆ ತಾನು ತಲೆ ತಗ್ಗಿಸಿ ನಿಂತು, ಅಷ್ಟರಮಟ್ಟಿಗೆ ಅದು ಮುಗಿಯುತ್ತಿತ್ತು. ಅವಳು ಅಮ್ಮನ ಕುತ್ತಿಗೆಯ ಮೇಲಿನ ಕೂದಲಿನ ಚೂರುಗಳನ್ನು ಮೆತ್ತಗಿನ ಬಟ್ಟೆಯಿಂದ ತೆಗೆದಳು, ಅಮ್ಮನನ್ನು ಹಾಸಿಗೆಗೆ ಕರೆದೊಯ್ಯುವಾಗ ಒಂದು ಕಡೆ ತಾನು ಹಿಡಿದಳು, ದಿಂಬಿನ ಮೇಲೆ ತಲೆಯನ್ನು ಹುಣ್ಣು ತಾಗದ ಹಾಗೆ ಓರೆಯಾಗಿ ಇರಿಸಿದಳು. ಆಮೇಲೆ ಕತ್ತರಿ, ಬಾಚಣಿಗೆ, ಎಣ್ಣೆ ಬಾಟಲಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯೊಳಗಿಟ್ಟಳು, ನಾಳೆಯೂ ಕೆಲಸವಿದೆ ಎನ್ನುವವಳ ಹಾಗೆ. ಅವನು ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ತೆಗೆದು ಚಾಚಿದ. ಅವಳು ಮಾಡಿದ ಕೆಲಸಕ್ಕೆ ಆಗುವಷ್ಟನ್ನು ಎಳೆದುಕೊಂಡು ಉಳಿದದ್ದನ್ನು ಅವನ ಕೈಯಲ್ಲೇ ಬಿಟ್ಟಳು.

“ಫೋನ್ ಎತ್ತಿದ್ರೆ ಸಾಕಾಗಿತ್ತಲ್ಲ ಸಾರ್.”

“ನಾನು ನಾಳೆ ಅವರ ಆಫೀಸಿಗೇ ಹೋಗಿ...”

“ಆಫೀಸು ಎಲ್ಲಿದೆ ಅಂತ ನಮಗೇ ಗೊತ್ತಿಲ್ಲ. ನಾಲ್ಕು ವರ್ಷ ಆಯ್ತು ಸೇರಿ.” ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಹಿಡಿದು ಒಂದು ಕ್ಷಣ ಹಾಗೇ ನಿಂತಳು. “ಬೆಳಿಗ್ಗೆಯ ಆಯಮ್ಮಂಗೆ ಸುಮ್ಸುಮ್ನೆ ಶಾಪ ಹಾಕ್ಬಿಟ್ಟೆ” ಎಂದಳು, ಅವನಿಗಲ್ಲ. “ಮನೇಲಿ ಬಸುರಿ ಸೊಸೆ ಬೇರೆ ಇದ್ಳು.”

ಮೆಟ್ಟಿಲಿನಲ್ಲಿ ಅವಳ ಹೆಜ್ಜೆಗಳು ಇಳಿದುಹೋದವು. ಅವನು ಓಡಿಹೋಗಿ ನಂಬರನ್ನಾದರೂ ಕೇಳಬೇಕಿತ್ತು, ಬೇರೆ ಮನೆಗಳಿಗೆ ಹೇಳುತ್ತೇನೆ ಎನ್ನಬೇಕಿತ್ತು. ಹೇಳುವುದಕ್ಕೆ ಅವನಿಗೆ ಯಾವ ಮನೆ ಗೊತ್ತಿತ್ತು? ಎದುರು ಬಾಗಿಲಿನವರ ಜೊತೆ ಮಾತಾಡಿ ಎರಡು ವರ್ಷವಾಗಿತ್ತು. ಇಷ್ಟೆಲ್ಲ ಯೋಚಿಸಿ ಮುಗಿಸುವಷ್ಟರಲ್ಲಿ ಕೆಳಗಿನ ಗೇಟು ಕಿರುಗುಟ್ಟಿ ಮುಚ್ಚಿಕೊಂಡಿತು. ಕಿಟಕಿಯಿಂದ ಬಗ್ಗಿ ನೋಡಿದ. ರಸ್ತೆಯಲ್ಲಿ ನಾಲ್ಕೈದು ಜನ ನಡೆಯುತ್ತಿದ್ದರು. ಯಾರ ಹೆಗಲಿಗೂ ಪೆಟ್ಟಿಗೆ ಕಾಣಲಿಲ್ಲ.

ಅಮ್ಮನ ಮಂಚದ ಪಕ್ಕದಲ್ಲಿ ಕೂತ. ಮೋಟು ಕೂದಲಿನಲ್ಲಿ ಅವಳ ಮುಖ ಹೊಸದಾಗಿತ್ತು. ಕಿವಿಗಳು ದೊಡ್ಡವಾಗಿ, ಹಣೆ ಬಯಲಾಗಿ, ಯಾವುದೋ ಶಾಲೆಯ ಹುಡುಗಿಯ ಹಾಗೆ ಕಾಣುತ್ತಿದ್ದಳು. ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದ. ಅವಳು ಕಣ್ಣು ಬಿಟ್ಟಳು. ಬಹಳ ದಿನಗಳ ಮೇಲೆ ಆ ಕಣ್ಣುಗಳು ಅವನನ್ನು ಸರಿಯಾಗಿ ಗುರುತು ಹಿಡಿದು ನೋಡಿದವು.

“ಹೋದ್ಳಾ?”

“ಹೋದ್ರು ಅಮ್ಮ.”

“ಅಷ್ಟು ಬಿಸ್ಲಲ್ಲಿ ಬಂದಿದ್ಳು” ಎಂದಳು. “ಕುಡಿಯೋಕೆ ಒಂದು ಲೋಟ ನೀರಾದ್ರೂ ಕೊಟ್ಯೇನೋ?”

‘ಕೊಟ್ಟೆ’ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಇಲ್ಲಮ್ಮ” ಎಂದ. “ಕೊಡ್ಲಿಲ್ಲ.”

ಅಮ್ಮ ಅವನನ್ನೇ ನೋಡುತ್ತಾ ಮಲಗಿದ್ದಳು. ಆಮೇಲೆ ಮುಖವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಕೊಂಡಳು.